ಗೊತ್ತಿದ್ದೂ ನಡೆಸಿದ ಯುದ್ಧ

1964ರ ಮೇ 27. ಆ ಮಧ್ಯಾಹ್ನ ದೆಹಲಿಯಲ್ಲಿ ಜವಾಹರಲಾಲ್ ನೆಹರೂ ತೀರಿಕೊಂಡರು. ಅದೇ ದಿನ, ವಾಷಿಂಗ್ಟನ್ನಿನಲ್ಲಿ ಹೊತ್ತೇರಿದ ಮೇಲೆ, ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ತಮ್ಮ ರಾಜಕೀಯ ಗುರುವಿನಂತಿದ್ದ ಸೆನೆಟರ್ ರಿಚರ್ಡ್ ರಸೆಲ್ ಅವರಿಗೆ ಫೋನು ಮಾಡಿ, ವಿಯೆಟ್ನಾಂ ವಿಷಯದಲ್ಲಿ ಏನು ಮಾಡುವುದು ಎಂದು ಕೇಳಿದರು. ತಾನು ಕಂಡ ಗೋಜಲುಗಳಲ್ಲೆಲ್ಲ ಇದೇ ಅತಿ ಕೆಟ್ಟದ್ದು ಎಂದರು ರಸೆಲ್. ಅಮೆರಿಕನ್ನರು ಇನ್ನು ಹೊರಡಲಿ ಎನ್ನುವವನೊಬ್ಬನನ್ನು ಅಲ್ಲಿ ಗದ್ದುಗೆಯ ಮೇಲೆ ಕೂರಿಸಿದರೆ ಮರ್ಯಾದೆಯಿಂದ ಹೊರಬರಬಹುದು ಎಂಬ ಉಪಾಯವನ್ನೂ ಹೇಳಿಕೊಟ್ಟರು. ಬಿಟ್ಟು ಓಡಿಬಂದ ಅಧ್ಯಕ್ಷನನ್ನು ಮಹಾಭಿಯೋಗಕ್ಕೆ ಎಳೆಯುತ್ತಾರಲ್ಲ ಎಂಬುದು ಜಾನ್ಸನ್ ಅವರ ಅಳುಕು. ಸ್ವಲ್ಪ ಹೊತ್ತಿನಲ್ಲೇ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ ಅವರೊಂದಿಗೂ ಇದೇ ಮಾತು. ಅದು ಹೋರಾಡಿ ಉಳಿಸಿಕೊಳ್ಳಬೇಕಾದ ಜಾಗ ಅಂತ ನನಗನ್ನಿಸುವುದಿಲ್ಲ, ಹೊರಗೆ ಬರಲು ಆಗುತ್ತದೆ ಅಂತಲೂ ಅನ್ನಿಸುವುದಿಲ್ಲ ಎಂದರು ಜಾನ್ಸನ್. ಬೆಳಿಗ್ಗೆ ತಮ್ಮ ಬಟ್ಟೆಬರೆ ಎತ್ತಿಕೊಡುತ್ತಿದ್ದ ಸಾರ್ಜೆಂಟನನ್ನು ನೋಡಿದಾಗ, ಆರು ಮಕ್ಕಳ ಈ ತಂದೆಯನ್ನು ಯಾವ ಕಾರಣಕ್ಕೆ ಅಲ್ಲಿಗೆ ಅಟ್ಟಬೇಕು ಎಂಬ ಯೋಚನೆ ಬಂತು ಎಂದೂ ಹೇಳಿಕೊಂಡರು.

ಈ ಮಾತುಗಳೆಲ್ಲ ಟೇಪಿನಲ್ಲಿ ಉಳಿದವು, ದಶಕಗಳ ನಂತರ ಹೊರಬಂದವು. ಅವನ್ನಾಡಿದ ದಿನ ವಿಯೆಟ್ನಾಮಿನಲ್ಲಿ ಅಮೆರಿಕದ ಸುಮಾರು 16,000 ಸೈನಿಕರಿದ್ದರು. ಅವರನ್ನು 'ಸಲಹೆಗಾರರು' ಎಂದು ಕರೆಯಲಾಗುತ್ತಿತ್ತು. ಸತ್ತವರ ಸಂಖ್ಯೆ ಇನ್ನೂ ನೂರುಗಳಲ್ಲಿತ್ತು. ಯುದ್ಧ ಮುಗಿಯುವಷ್ಟರಲ್ಲಿ ಅದು 58,000 ದಾಟಿತು. ವಿಯೆಟ್ನಾಂ ಸರ್ಕಾರ 1995ರಲ್ಲಿ ಕೊಟ್ಟ ಲೆಕ್ಕದಲ್ಲಿ ಅವರ ಕಡೆ ಸತ್ತ ಹೋರಾಟಗಾರರು 11 ಲಕ್ಷ, ಸತ್ತ ನಾಗರಿಕರು 20 ಲಕ್ಷ.

ವಿಯೆಟ್ನಾಂ ಯುದ್ಧವನ್ನು ಅಮೆರಿಕ ಅರಿಯದೆ ಕಾಲಿಟ್ಟ ಕೆಸರು ಎಂದು ವರ್ಣಿಸುವುದು ವಾಡಿಕೆ. ದಾಖಲೆಗಳನ್ನು ಓದುತ್ತ ಹೋದರೆ ಆ ವರ್ಣನೆ ನಿಲ್ಲುವುದಿಲ್ಲ. ಪ್ರತಿ ತಿರುವಿನಲ್ಲೂ, ಮುಂದೆ ಹೋದರೆ ಏನಾಗುತ್ತದೆಂದು ಸರಿಯಾಗಿ ಊಹಿಸಿದವರು ಅದೇ ಕೋಣೆಯಲ್ಲಿ ಕೂತಿದ್ದರು. ಅನೇಕ ಸಲ ನಿರ್ಧಾರ ಮಾಡಿದವರಿಗೂ ಅದು ಗೊತ್ತಿತ್ತು. ಗೊತ್ತಿಲ್ಲದೆ ಉಳಿದವರು ಹೊರಗಿನ ಜನ.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸಬಹುದು. 1945ರ ಸೆಪ್ಟೆಂಬರ್ 2ರಂದು ಹನೋಯ್‌ನ ಬಾ ದಿನ್ ಮೈದಾನದಲ್ಲಿ ಹೋ ಚಿ ಮಿನ್ ಸ್ವಾತಂತ್ರ್ಯ ಸಾರಿದಾಗ ಭಾಷಣ ಶುರುಮಾಡಿದ್ದು ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಮಾತುಗಳಿಂದ. ಟ್ರೂಮನ್‌ಗೆ ಅವರು ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ವಸಾಹತನ್ನು ಮತ್ತೆ ಹಿಡಿಯಲು ಬಂದ ಫ್ರೆಂಚರು ಎಂಟು ವರ್ಷ ಕಾದಾಡಿದರು. ಕೊನೆಕೊನೆಗೆ ಅವರ ಖರ್ಚಿನ ಬಹುಪಾಲನ್ನು ಅಮೆರಿಕವೇ ಹೊರುತ್ತಿತ್ತು. 1954ರಲ್ಲಿ ಡಿಯೆನ್ ಬಿಯೆನ್ ಫು ಕಣಿವೆಯ ಸುತ್ತಣ ಗುಡ್ಡಗಳ ಮೇಲೆ ಜನರಲ್ ವೊ ನುಯೆನ್ ಜಾಪ್ ಅವರ ಸೈನಿಕರು ಫಿರಂಗಿಗಳನ್ನು ಹಗ್ಗ ಕಟ್ಟಿ ಎಳೆದು ಏರಿಸಿದರು. 56 ದಿನಗಳ ಕದನದ ನಂತರ, ಮೇ 7ರಂದು, ಫ್ರೆಂಚ್ ಠಾಣೆ ಬಿತ್ತು.

ಜುಲೈನಲ್ಲಿ ಜಿನೀವಾ ಒಪ್ಪಂದವಾಯಿತು. ದೇಶವನ್ನು 17ನೇ ಅಕ್ಷಾಂಶದಲ್ಲಿ ತಾತ್ಕಾಲಿಕವಾಗಿ ಎರಡಾಗಿಸುವುದು, 1956ರಲ್ಲಿ ಚುನಾವಣೆ ನಡೆಸಿ ಒಂದು ಮಾಡುವುದು ಎಂದು ತೀರ್ಮಾನ. ಇದರ ಮೇಲುಸ್ತುವಾರಿಗೆ ನೇಮಕವಾದ ಅಂತರರಾಷ್ಟ್ರೀಯ ಆಯೋಗದಲ್ಲಿ ಕೆನಡಾ, ಪೋಲೆಂಡ್ ಸದಸ್ಯರು, ಭಾರತ ಅಧ್ಯಕ್ಷ. ಚುನಾವಣೆ ನಡೆಯಲೇ ಇಲ್ಲ. ಕಾದಾಟದ ಕಾಲದಲ್ಲೇ ಮತದಾನ ನಡೆದಿದ್ದರೆ ಪ್ರಾಯಶಃ ಶೇ. 80ರಷ್ಟು ಜನ ಹೋ ಚಿ ಮಿನ್ ಅವರನ್ನೇ ಆರಿಸುತ್ತಿದ್ದರು ಎಂದು ಅಮೆರಿಕದ ಅಂದಿನ ಅಧ್ಯಕ್ಷ ಐಸೆನ್‌ಹೋವರ್ ತಮ್ಮ ಆತ್ಮಕಥನದಲ್ಲಿ ಒಪ್ಪಿಕೊಂಡಿದ್ದಾರೆ. ದಕ್ಷಿಣದಲ್ಲಿ ಅಮೆರಿಕದ ಬೆಂಬಲದಿಂದ ಗದ್ದುಗೆಯೇರಿದ ನೋ ದಿನ್ ಜಿಯೆಮ್ ಆ ಚುನಾವಣೆಗೆ ಒಪ್ಪದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಜಿಯೆಮ್ ಕ್ಯಾಥೊಲಿಕರು, ಪ್ರಜೆಗಳಲ್ಲಿ ಹೆಚ್ಚಿನವರು ಬೌದ್ಧ ಸಂಪ್ರದಾಯದವರು. 1963ರ ಜೂನ್ 11ರಂದು ಸೈಗಾನಿನ ನಾಲ್ಕು ರಸ್ತೆ ಕೂಡುವಲ್ಲಿ ತಿಕ್ ಕ್ವಾಂಗ್ ಡುಕ್ ಎಂಬ ಹಿರಿಯ ಭಿಕ್ಷು ಪದ್ಮಾಸನದಲ್ಲಿ ಕೂತು ಬೆಂಕಿ ಹಚ್ಚಿಕೊಂಡರು. ಮಾಲ್ಕಮ್ ಬ್ರೌನ್ ತೆಗೆದ ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಆಗಲೇ ತೆರೆಮರೆಯಲ್ಲಿ ಇನ್ನೊಂದು ಪ್ರಯತ್ನವೂ ನಡೆದಿತ್ತು. ಆಯೋಗದ ಭಾರತೀಯ ಅಧ್ಯಕ್ಷ ರಾಮ್‌ಚಂದರ್ ಗೋಬರ್ಧನ್, ಪೋಲೆಂಡಿನ ಮಾನೆಲಿ, ಫ್ರೆಂಚ್ ರಾಯಭಾರಿ ಲಾಲುಯೆಟ್ ಸೇರಿ ಜಿಯೆಮ್ ಅವರ ತಮ್ಮ ನ್ಯೂ ಮತ್ತು ಹನೋಯ್ ನಡುವೆ ಮಾತುಕತೆಯ ದಾರಿ ಹುಡುಕುತ್ತಿದ್ದರು. ಅದು ಎಲ್ಲಿಗೆ ಮುಟ್ಟುತ್ತಿತ್ತೋ, ನವೆಂಬರ್ ಮೊದಲ ವಾರದಲ್ಲಿ ದಂಗೆಯೆದ್ದ ಸೇನಾಧಿಕಾರಿಗಳು ಅಣ್ಣತಮ್ಮಂದಿರನ್ನು ಕೊಂದುಹಾಕಿದರು. ದಂಗೆಗೆ ಅಮೆರಿಕದ ಸಮ್ಮತಿಯಿತ್ತು. ಮೂರು ವಾರ ಕಳೆಯುವುದರೊಳಗೆ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿ, ಈ ಆಸ್ತಿ ಜಾನ್ಸನ್ ಪಾಲಿಗೆ ಬಂತು.

ಟೊಂಕಿನ್ ಕೊಲ್ಲಿಯ ಪ್ರಸಂಗವನ್ನು ಮಾತ್ರ ನಿಧಾನವಾಗಿ ನೋಡಬೇಕು. 1964ರ ಆಗಸ್ಟ್ 2ರಂದು ಉತ್ತರ ವಿಯೆಟ್ನಾಮಿನ ಮೂರು ಟಾರ್ಪೆಡೊ ದೋಣಿಗಳು ಅಮೆರಿಕದ 'ಮ್ಯಾಡಕ್ಸ್' ಯುದ್ಧನೌಕೆಯ ಮೇಲೆ ಎರಗಿದವು. ಇದು ನಿಜ. ಆದರೆ ಅದಕ್ಕೆ ಮೊದಲು ಅದೇ ಕರಾವಳಿಯ ಮೇಲೆ ಅಮೆರಿಕದ ಯೋಜನೆಯಂತೆ ದಕ್ಷಿಣದ ಕಮಾಂಡೊಗಳು ಗುಟ್ಟಾಗಿ ದಾಳಿ ಮಾಡಿದ್ದರೆಂಬುದನ್ನು ಯಾರೂ ಜನರಿಗೆ ಹೇಳಲಿಲ್ಲ. ಎರಡು ದಿನಗಳ ನಂತರ, ಆಗಸ್ಟ್ 4ರ ಕಗ್ಗತ್ತಲ ಬಿರುಗಾಳಿಯಲ್ಲಿ, ಮತ್ತೆ ದಾಳಿಯಾಗಿದೆ ಎಂದು ಮ್ಯಾಡಕ್ಸ್‌ನಿಂದ ಸಂದೇಶಗಳು ಬಂದವು. ಕೆಲವೇ ಗಂಟೆಗಳಲ್ಲಿ ಅದೇ ನೌಕೆಯಲ್ಲಿದ್ದ ಕಮಾಂಡರ್ ಜಾನ್ ಹೆರಿಕ್ ಇನ್ನೊಂದು ಸಂದೇಶ ಕಳಿಸಿದರು: ಹವಾಮಾನದ ವೈಪರೀತ್ಯ, ಸೋನಾರ್ ಮುಂದೆ ಕೂತವರ ಅತಿ ಉತ್ಸಾಹ ಇದಕ್ಕೆ ಕಾರಣವಿರಬಹುದು, ಕಣ್ಣಾರೆ ಏನೂ ಕಂಡಿಲ್ಲ, ಪೂರ್ತಿ ಪರಿಶೀಲಿಸಿದ ನಂತರವೇ ಮುಂದಿನ ಹೆಜ್ಜೆ ಇಡಿ. ಆ ರಾತ್ರಿ ನೌಕೆಗಳ ಮೇಲೆ ಹಾರುತ್ತಿದ್ದ ಪೈಲಟ್ ಜೇಮ್ಸ್ ಸ್ಟಾಕ್‌ಡೇಲ್ ಅವರಿಗೆ ಕಂಡದ್ದು ಕಪ್ಪು ನೀರು ಮತ್ತು ತಮ್ಮವರದೇ ಗುಂಡುಗಳ ಬೆಳಕು.

ವಾಷಿಂಗ್ಟನ್ ಕಾಯಲಿಲ್ಲ. ಅದೇ ರಾತ್ರಿ ಜಾನ್ಸನ್ ಟಿವಿಯಲ್ಲಿ ಪ್ರತಿದಾಳಿಯನ್ನು ಘೋಷಿಸಿದರು. ಆಗಸ್ಟ್ 7ರಂದು, ಅಗತ್ಯವೆನಿಸಿದ್ದನ್ನೆಲ್ಲ ಮಾಡುವ ಅಧಿಕಾರವನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್, ಜಾನ್ಸನ್ ಅವರ ಕೈಗಿತ್ತಿತು. ಕೆಳಮನೆಯಲ್ಲಿ 416 ಮತ ಪರ, ವಿರೋಧ ಸೊನ್ನೆ. ಸೆನೆಟ್‌ನಲ್ಲಿ 88ಕ್ಕೆ ಎದುರಾಗಿ ಇಬ್ಬರೇ, ವೇನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್. ಆ ಎರಡನೇ ದಾಳಿ ನಡೆದೇ ಇರಲಿಲ್ಲ ಎಂಬುದನ್ನು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಇತಿಹಾಸಕಾರರೇ ಬರೆದ ವರದಿ 2005ರಲ್ಲಿ ಬಹಿರಂಗವಾಯಿತು. ಅದಕ್ಕೆ ಹತ್ತು ವರ್ಷ ಮೊದಲು, ಅಂದಿನ ರಕ್ಷಣಾ ಸಚಿವ ರಾಬರ್ಟ್ ಮೆಕ್‌ನಮಾರ ಹನೋಯ್‌ಗೆ ಹೋಗಿ ಮುದುಕರಾಗಿದ್ದ ಜಾಪ್ ಅವರನ್ನು ನೇರವಾಗಿ ಕೇಳಿದ್ದರು. ಅಂದು ಏನೂ ನಡೆಯಲಿಲ್ಲ ಎಂಬ ಉತ್ತರ ಬಂತು.

ಆ ಆಗಸ್ಟ್ 4ರಂದೇ ಪೆಂಟಗನ್‌ನಲ್ಲಿ ಹೊಸ ಹುದ್ದೆಗೆ ಸೇರಿ, ಸಮುದ್ರದಿಂದ ಬರುತ್ತಿದ್ದ ಸಂದೇಶಗಳನ್ನು ಓದುತ್ತ ಕೂತಿದ್ದ 33 ವರ್ಷದ ವಿಶ್ಲೇಷಕನೊಬ್ಬನಿದ್ದ. ಹೆಸರು ಡೇನಿಯಲ್ ಎಲ್ಸ್‌ಬರ್ಗ್. ಏಳು ವರ್ಷಗಳ ನಂತರ ಈತನ ಹೆಸರು ಎಲ್ಲರ ಬಾಯಲ್ಲೂ ಓಡಾಡಲಿತ್ತು.

ನವೆಂಬರ್ ಚುನಾವಣೆಯಲ್ಲಿ ಜಾನ್ಸನ್ ಶಾಂತಿಯ ಅಭ್ಯರ್ಥಿಯೆಂದು ಹೇಳಿಕೊಂಡು ಶೇ. 61ರಷ್ಟು ಮತ ಪಡೆದರು. 1965ರ ಮಾರ್ಚ್‌ನಲ್ಲಿ ಉತ್ತರದ ಮೇಲೆ ನಿರಂತರ ಬಾಂಬ್ ದಾಳಿ ಆರಂಭವಾಯಿತು. ಮಾರ್ಚ್ 8ರಂದು ಸುಮಾರು 3,500 ಮರೀನ್ ಸೈನಿಕರು ಡಾ ನಾಂಗ್ ಕಡಲತೀರದಲ್ಲಿ ಇಳಿದರು. ಬಂದೂಕು ಹಿಡಿದು ದಡಕ್ಕೆ ಬಂದವರನ್ನು ಎದುರುಗೊಂಡವರು ಹೂಮಾಲೆ ಹಿಡಿದ ವಿದ್ಯಾರ್ಥಿನಿಯರು. ವಿಮಾನನಿಲ್ದಾಣ ಕಾಯುವುದಷ್ಟೇ ಇವರ ಕೆಲಸ ಎಂದು ಹೇಳಲಾಗಿತ್ತು. ಅದೇ ತಿಂಗಳು ಪೆಂಟಗನ್‌ನ ಹಿರಿಯ ಅಧಿಕಾರಿ ಜಾನ್ ಮೆಕ್‌ನಾಟನ್ ಯುದ್ಧದ ಗುರಿಗಳನ್ನು ಒಂದು ಟಿಪ್ಪಣಿಯಲ್ಲಿ ಶೇಕಡಾವಾರು ಹಂಚಿ ಬರೆದರು. ಅವಮಾನಕರ ಸೋಲು ತಪ್ಪಿಸಿಕೊಳ್ಳುವುದಕ್ಕೆ ಶೇ. 70. ದಕ್ಷಿಣ ವಿಯೆಟ್ನಾಂ ಚೀನಾದ ಕೈಗೆ ಹೋಗದಂತೆ ನೋಡಿಕೊಳ್ಳುವುದಕ್ಕೆ ಶೇ. 20. ಅಲ್ಲಿನ ಜನರಿಗೆ ಉತ್ತಮ, ಸ್ವತಂತ್ರ ಬದುಕು ಸಿಗಲೆಂಬುದಕ್ಕೆ ಶೇ. 10. ಭಾಷಣಗಳಲ್ಲಿ ಈ ಕ್ರಮ ತಲೆಕೆಳಗಾಗಿರುತ್ತಿತ್ತು.

ಯುದ್ಧದ ನಿಜವಾದ ತಿರುವು ಯಾವುದೆಂದು ಕೇಳಿದರೆ ಹೆಚ್ಚಿನವರು 1968ರ ಟೆಟ್ ದಾಳಿ ಎನ್ನುತ್ತಾರೆ. ಸದ್ದೇ ಇಲ್ಲದೆ ಕಳೆದುಹೋದ 1965ರ ಜುಲೈಗೆ ಆ ಪಟ್ಟ ಹೆಚ್ಚು ಒಪ್ಪುತ್ತದೆ. ನೆಲದ ಮೇಲಿನ ಯುದ್ಧವನ್ನು ಪೂರ್ತಿ ಅಮೆರಿಕವೇ ಕೈಗೆತ್ತಿಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಶ್ವೇತಭವನದಲ್ಲಿ ದಿನಗಟ್ಟಲೆ ನಡೆಯಿತು. ವಿದೇಶಾಂಗ ಇಲಾಖೆಯ ಜಾರ್ಜ್ ಬಾಲ್ ಹಿಂದಿನ ವರ್ಷವೇ ಹುಲಿ ಸವಾರಿಯ ಎಚ್ಚರಿಕೆ ಕೊಟ್ಟಿದ್ದರು: ಹತ್ತಿದ ಮೇಲೆ ಇಳಿಯುವ ಜಾಗವನ್ನು ಆರಿಸಿಕೊಳ್ಳಲಾಗದು. ಈಗ, ನಮ್ಮ ಹುಡುಗರು ದೊಡ್ಡ ಸಂಖ್ಯೆಯಲ್ಲಿ ಸಾಯತೊಡಗಿದರೆ ಹಿಂದಿರುಗುವುದು ಅಸಾಧ್ಯವಾಗುತ್ತದೆ ಎಂದು ಮತ್ತೆ ಬರೆದುಕೊಟ್ಟರು. ಅಧ್ಯಕ್ಷರ ಆಪ್ತ, ವಕೀಲ ಕ್ಲಾರ್ಕ್ ಕ್ಲಿಫರ್ಡ್ ಜುಲೈ 25ರಂದು ಕ್ಯಾಂಪ್ ಡೇವಿಡ್‌ನಲ್ಲಿ ಎದುರು ಕೂತು, ಐದು ವರ್ಷ, 50,000 ಸಾವು, ನೂರಾರು ಕೋಟಿ ಡಾಲರ್ ಖರ್ಚು, ಕೊನೆಗೆ ಅನಾಹುತ ಎಂದು ಭವಿಷ್ಯ ನುಡಿದರು. ಇಷ್ಟು ನಿಖರವಾಗಿ ನಿಜವಾದ ರಾಜಕೀಯ ಭವಿಷ್ಯವಾಣಿಗಳು ಇತಿಹಾಸದಲ್ಲಿ ಕಡಿಮೆ.

ಜುಲೈ 28ರ ನಡುಮಧ್ಯಾಹ್ನ, ಟಿವಿಯ ಮುಂದೆ ಜನ ಕಡಿಮೆ ಇರುವ ಹೊತ್ತಿನಲ್ಲಿ, ಜಾನ್ಸನ್ ಪತ್ರಿಕಾಗೋಷ್ಠಿ ಕರೆದರು. ಸೈನಿಕರ ಸಂಖ್ಯೆಯನ್ನು 75,000ದಿಂದ 1,25,000ಕ್ಕೆ ಏರಿಸುತ್ತಿರುವುದಾಗಿ ಹೇಳಿದರು. ಇನ್ನೂ ಹೆಚ್ಚು ಬೇಕಾಗುತ್ತದೆ ಎಂಬುದು ಅವರಿಗೆ ಆಗಲೇ ತಿಳಿದಿತ್ತು. ಮೀಸಲು ಪಡೆಯನ್ನು ಕರೆಯಲಿಲ್ಲ, ತೆರಿಗೆ ಏರಿಸಲಿಲ್ಲ, ಯುದ್ಧ ಘೋಷಣೆಯಂತೂ ಇಲ್ಲವೇ ಇಲ್ಲ. ಅದೇ ಗೋಷ್ಠಿಯಲ್ಲಿ ಸುಪ್ರೀಂ ಕೋರ್ಟಿಗೆ ಏಬ್ ಫೋರ್ಟಸ್ ಅವರ ಹೆಸರನ್ನೂ ಪ್ರಕಟಿಸಿ ಸುದ್ದಿಗಾರರಿಗೆ ಬೇರೆ ಮೇವು ಕೊಟ್ಟರು. ಕಾರಣ ಊಹಿಸುವುದು ಕಷ್ಟವಲ್ಲ. ಎರಡು ದಿನ ಬಿಟ್ಟು, ಮುದುಕರಿಗೆ ವೈದ್ಯಕೀಯ ವಿಮೆ ಕೊಡುವ ಕಾನೂನಿಗೆ ಸಹಿ ಬೀಳಲಿತ್ತು. ಆಗಸ್ಟ್ 6ರಂದು ಕರಿಯರ ಮತದಾನದ ಹಕ್ಕಿನ ಕಾನೂನು. ಯುದ್ಧದ ಸದ್ದೆಬ್ಬಿಸಿದರೆ ಕಾಂಗ್ರೆಸ್ ಈ ಕನಸುಗಳಿಗೆ ದುಡ್ಡು ಕೊಡುವುದಿಲ್ಲ ಎಂದು ಜಾನ್ಸನ್ ಹೆದರಿದ್ದರು. ಅಮೆರಿಕದ ಬಡವರಿಗೆ ಅವರಷ್ಟು ಮಾಡಿದ ಅಧ್ಯಕ್ಷರು ಕೆಲವರೇ. ಆ ಒಳ್ಳೆಯ ಕೆಲಸ ಉಳಿಸಿಕೊಳ್ಳಲೆಂದೇ ಅವರು ಯುದ್ಧವನ್ನು ಬಚ್ಚಿಟ್ಟರು ಎಂಬುದು ಈ ಕಥೆಯ ಅತ್ಯಂತ ಕಹಿಯಾದ ಭಾಗ.

ನವೆಂಬರ್‌ನಲ್ಲಿ ಇಯಾ ಡ್ರಾಂಗ್ ಕಣಿವೆಯಲ್ಲಿ ಅಮೆರಿಕದ ಸೇನೆ ಮತ್ತು ಉತ್ತರದ ಕಾಯಂ ಸೇನೆ ಮೊದಲ ಬಾರಿ ದೊಡ್ಡ ಪ್ರಮಾಣದಲ್ಲಿ ಮುಖಾಮುಖಿಯಾದವು. ನಾಲ್ಕೈದು ದಿನಗಳಲ್ಲಿ 230ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಎದುರಾಳಿಗಳಲ್ಲಿ ಅದರ ಹಲವು ಪಟ್ಟು. ಈ ಅನುಪಾತ ನೋಡಿ ಅಲ್ಲಿನ ಅಮೆರಿಕದ ದಂಡನಾಯಕ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ಗೆಲುವಿನ ಸೂತ್ರ ಸಿಕ್ಕಿತೆಂದುಕೊಂಡರು. ಅವರು ಹುಟ್ಟಿಸುವುದಕ್ಕಿಂತ ಬೇಗ ನಾವು ಕೊಂದರೆ ಆಯಿತು. ಅಲ್ಲಿಂದ ಹೆಣದ ಲೆಕ್ಕವೇ ಯುದ್ಧದ ಅಳತೆಗೋಲು. ಲೆಕ್ಕ ಹೆಚ್ಚಿದ್ದರೆ ಬಡ್ತಿ, ಕಡಿಮೆಯಾದರೆ ಪ್ರಶ್ನೆ. ಹಾಗಾಗಿ ಸತ್ತ ರೈತನೂ ಗೆರಿಲ್ಲಾನೇ ಆದ. ಹನೋಯ್ ಅದೇ ಕದನದಿಂದ ಬೇರೆ ಪಾಠ ಕಲಿತಿತು: ಶತ್ರುವಿನ ಸೊಂಟಪಟ್ಟಿ ಹಿಡಿಯುವಷ್ಟು ಹತ್ತಿರ ನಿಂತು ಕಾದಾಡಿದರೆ ಅವನ ವಿಮಾನ, ಫಿರಂಗಿ ಎರಡೂ ನಿರುಪಯೋಗಿ. ಫೋರ್ಡ್ ಕಂಪನಿಯಿಂದ ಬಂದ ಲೆಕ್ಕದ ಹುಲಿ ಮೆಕ್‌ನಮಾರ ಮಾತ್ರ ಆ ತಿಂಗಳ ಕೊನೆಗೆ ಸೈಗಾನಿಗೆ ಹೋಗಿ ಬಂದು, ತಿಂಗಳಿಗೆ ಸಾವಿರ ಅಮೆರಿಕನ್ನರು ಸಾಯಬಹುದು, ಆಗಲೂ ಗೆಲುವಿನ ಖಾತ್ರಿಯಿಲ್ಲ ಎಂದು ಅಧ್ಯಕ್ಷರಿಗೆ ಬರೆದರು. ಬರೆದವರೇ ಇನ್ನೂ ಹೆಚ್ಚು ಸೈನ್ಯ ಕಳಿಸಲು ಶಿಫಾರಸು ಮಾಡಿದರು.

ಹೋಗುತ್ತಿದ್ದವರು ಯಾರು? ಯುದ್ಧದ ವರ್ಷಗಳಲ್ಲಿ ಸೇನೆಗೆ ಸೇರುವ ವಯಸ್ಸಿಗೆ ಬಂದ ಗಂಡುಹುಡುಗರು ಸುಮಾರು 2.7 ಕೋಟಿ. ಕಡ್ಡಾಯ ಭರ್ತಿಯಲ್ಲಿ ಎಳೆದೊಯ್ದದ್ದು ಸುಮಾರು 22 ಲಕ್ಷ ಜನರನ್ನು. ಕಾಲೇಜಿನಲ್ಲಿದ್ದರೆ ವಿನಾಯಿತಿ, ಒಳ್ಳೆಯ ವಕೀಲ ಅಥವಾ ವೈದ್ಯರ ಪರಿಚಯವಿದ್ದರೆ ಇನ್ನೊಂದು ವಿನಾಯಿತಿ. ಉಳಿದವರು ಕಾರ್ಖಾನೆ ಊರುಗಳ, ಹಳ್ಳಿಗಳ, ಕರಿಯರ ಕೇರಿಗಳ ಹುಡುಗರು. 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದನ್ನೇ ಎತ್ತಿ ಆಡಿದಾಗ, ಅವರ ಹೊಗಳುಭಟರಾಗಿದ್ದ ಪತ್ರಿಕೆಗಳೂ ತಿರುಗಿಬಿದ್ದವು. ಅದೇ ತಿಂಗಳು ಮುಹಮ್ಮದ್ ಅಲಿ ಭರ್ತಿಗೆ ಒಲ್ಲೆನೆಂದು ವಿಶ್ವ ಚಾಂಪಿಯನ್ ಪಟ್ಟ ಕಳೆದುಕೊಂಡರು.

ಈ ಯುದ್ಧದ ಬಿಸಿ ಭಾರತಕ್ಕೂ ತಟ್ಟದೆ ಇರಲಿಲ್ಲ. ಆಗ ನಮ್ಮಲ್ಲಿ ಬರ, ಹಡಗಿನಿಂದಿಳಿದ ಅಮೆರಿಕದ ಗೋಧಿ ನೇರ ಬಾಯಿಗೆ ಎನ್ನುವ ಕಾಲ. 1966ರ ಜುಲೈನಲ್ಲಿ ಇಂದಿರಾ ಗಾಂಧಿ ಮಾಸ್ಕೋಗೆ ಹೋಗಿ, ಉತ್ತರದ ಮೇಲಿನ ಬಾಂಬ್ ದಾಳಿ ನಿಲ್ಲಬೇಕೆಂಬ ಹೇಳಿಕೆಗೆ ದನಿಗೂಡಿಸಿದಾಗ ಜಾನ್ಸನ್ ಕೆರಳಿದರು. ಗೋಧಿಯನ್ನು ತಿಂಗಳು ತಿಂಗಳಿಗೆ ಅಳೆದು ಬಿಡುವ ಅವರ ನೀತಿ ಇನ್ನಷ್ಟು ಬಿಗಿಯಾಯಿತು. ಕಲ್ಕತ್ತ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟಿತು. ಅಮೆರಿಕದ ದೂತಾವಾಸವಿದ್ದ ಹ್ಯಾರಿಂಗ್ಟನ್ ಸ್ಟ್ರೀಟಿಗೆ ಹೋ ಚಿ ಮಿನ್ ಹೆಸರಿಟ್ಟಿತು.

1967ರ ನವೆಂಬರ್‌ನಲ್ಲಿ ವೆಸ್ಟ್‌ಮೋರ್‌ಲ್ಯಾಂಡ್ ವಾಷಿಂಗ್ಟನ್ನಿಗೆ ಬಂದು, ಕೊನೆ ಕಣ್ಣಿಗೆ ಕಾಣತೊಡಗಿದೆ ಎಂದು ಪತ್ರಕರ್ತರ ಮುಂದೆ ಹೇಳಿದರು. ಹತ್ತು ವಾರಗಳಲ್ಲಿ ಟೆಟ್ ಬಂತು.

ಟೆಟ್ ಎಂದರೆ ವಿಯೆಟ್ನಾಮಿನ ಚಾಂದ್ರಮಾನ ಹೊಸವರ್ಷ. ಮನೆಮಂದಿಯೆಲ್ಲ ಹುಟ್ಟೂರಿಗೆ ಸೇರುವ, ಸೈನಿಕರೂ ರಜೆ ಹಾಕುವ ಹಬ್ಬ. 1968ರ ಜನವರಿ 30 ಮತ್ತು 31ರ ರಾತ್ರಿಗಳಲ್ಲಿ ಸುಮಾರು 80,000 ಹೋರಾಟಗಾರರು ನೂರಕ್ಕೂ ಹೆಚ್ಚು ಊರು ಪಟ್ಟಣಗಳ ಮೇಲೆ ಒಟ್ಟಿಗೆ ಬಿದ್ದರು. ಸೈಗಾನಿನಲ್ಲಿ 19 ಜನರ ಒಂದು ತಂಡ ಅಮೆರಿಕದ ರಾಯಭಾರ ಕಚೇರಿಯ ಗೋಡೆ ಸ್ಫೋಟಿಸಿ ಅಂಗಳಕ್ಕೆ ನುಗ್ಗಿತು. ಮುಖ್ಯ ಕಟ್ಟಡದೊಳಗೆ ಅವರಿಗೆ ಹೋಗಲಾಗಲಿಲ್ಲ, ಬೆಳಗಾಗುವಷ್ಟರಲ್ಲಿ ಸತ್ತರು ಅಥವಾ ಸಿಕ್ಕಿಬಿದ್ದರು. ಆದರೆ ರಾಯಭಾರ ಕಚೇರಿಯ ಹುಲ್ಲುಹಾಸಿನ ಮೇಲೆ ಬಿದ್ದ ಹೆಣಗಳ ಚಿತ್ರ ಅಮೆರಿಕದ ಮನೆಮನೆ ತಲುಪಿತು. ಮಾರನೆಯ ದಿನ ದಕ್ಷಿಣದ ಪೊಲೀಸ್ ಮುಖ್ಯಸ್ಥ ಕೈ ಕಟ್ಟಿದ ಕೈದಿಯ ತಲೆಗೆ ಬೀದಿಯಲ್ಲೇ ಗುಂಡಿಕ್ಕುವುದನ್ನು ಎಡ್ಡಿ ಆಡಮ್ಸ್ ಕ್ಯಾಮೆರಾ ಹಿಡಿಯಿತು. ಹಳೆಯ ರಾಜಧಾನಿ ಹ್ವೇ ನಗರವನ್ನು ಮರಳಿ ಪಡೆಯಲು ಸುಮಾರು ನಾಲ್ಕು ವಾರ ಬೇಕಾಯಿತು. ಅಲ್ಲಿ ಕಮ್ಯುನಿಸ್ಟರು ಪಟ್ಟಿ ಹಿಡಿದು ಕೊಂದ ಸಾವಿರಾರು ನಾಗರಿಕರ ಸಾಮೂಹಿಕ ಗೋರಿಗಳು ಆಮೇಲೆ ಸಿಕ್ಕವು. ಯುದ್ಧವಿರೋಧಿಗಳಲ್ಲಿ ಕೆಲವರು ಅದರ ಬಗ್ಗೆ ಮಾತಾಡದೆ ಉಳಿದದ್ದೂ ಚರಿತ್ರೆಯೇ.

ಹನೋಯ್ ಒಳಗೂ ಎಲ್ಲರೂ ಒಂದೇ ಮನಸ್ಸಿನವರಾಗಿರಲಿಲ್ಲ. ಟೆಟ್ ದಾಳಿಯ ಹಿಂದಿದ್ದ ಶಕ್ತಿ ಪಕ್ಷದ ಮುಖ್ಯಸ್ಥ ಲೆ ಜುವಾನ್. ದಾಳಿ ಆರಂಭವಾದರೆ ದಕ್ಷಿಣದ ಜನ ತಾವಾಗಿ ದಂಗೆಯೇಳುತ್ತಾರೆಂಬುದು ಅವರ ನಂಬಿಕೆ. ಜಾಪ್‌ಗೆ ಈ ಯೋಜನೆಯ ಬಗ್ಗೆ ಅನುಮಾನವಿತ್ತು. ದಾಳಿಯ ಹೊತ್ತಿಗೆ ಅವರು ಚಿಕಿತ್ಸೆಯ ಹೆಸರಿನಲ್ಲಿ ಹಂಗೇರಿಯಲ್ಲಿದ್ದರು, ಕಾಯಿಲೆಯ ಹೋ ಚಿ ಮಿನ್ ಚೀನಾದಲ್ಲಿ. ಜಾಪ್‌ಗೆ ಹತ್ತಿರವಾಗಿದ್ದ ಕೆಲವರು 1967ರಲ್ಲೇ ಜೈಲು ಸೇರಿದ್ದರು. ಜನ ದಂಗೆಯೇಳಲಿಲ್ಲ. ಹತ್ತಾರು ಸಾವಿರ ಹೋರಾಟಗಾರರು ಸತ್ತರು. ಅವರಲ್ಲಿ ಹೆಚ್ಚಿನವರು ದಕ್ಷಿಣದವರೇ ಆದ, ಸೈಗಾನ್ ಸರ್ಕಾರದ ವಿರುದ್ಧ ಕಾದಾಡುತ್ತಿದ್ದ ವಿಮೋಚನಾ ರಂಗದ ಗೆರಿಲ್ಲಾಗಳು. ಆ ಪಡೆ ಮತ್ತೆ ಮೊದಲಿನಂತೆ ಚೇತರಿಸಿಕೊಳ್ಳಲಿಲ್ಲ, ಯುದ್ಧದ ಭಾರ ಉತ್ತರದ ಕಾಯಂ ಸೇನೆಯ ಮೇಲೆ ಬಿತ್ತು.

ಅಂದರೆ ರಣರಂಗದಲ್ಲಿ ಸೋತವರು ದಾಳಿ ಮಾಡಿದವರು. ಹಾಗಿದ್ದೂ ವಾಷಿಂಗ್ಟನ್ ಕುಸಿಯಿತು. ಗೆಲ್ಲುತ್ತಿದ್ದೇವೆ ಎಂದು ಮೂರು ವರ್ಷ ಕೇಳಿಸಿಕೊಂಡಿದ್ದ ಜನ ಈಗ ಸೈಗಾನಿನ ಬೀದಿಗಳಲ್ಲಿ ಗುಂಡಿನ ಚಕಮಕಿ ನೋಡಿದರು. ಫೆಬ್ರುವರಿ 27ರಂದು ಸಿಬಿಎಸ್‌ನ ವಾಲ್ಟರ್ ಕ್ರಾಂಕೈಟ್, ಈ ಯುದ್ಧ ಯಾರೂ ಗೆಲ್ಲದ ಹಂತಕ್ಕೆ ಬಂದು ನಿಂತಿದೆ, ಮಾತುಕತೆಯೇ ದಾರಿ ಎಂದರು. ಮಾರ್ಚ್ 10ರಂದು, ಸೇನೆ ಇನ್ನೂ 2,06,000 ಸೈನಿಕರನ್ನು ಕೇಳಿದೆ ಎಂಬ ಸುದ್ದಿ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬಂತು. ಎರಡು ದಿನದ ನಂತರ ನ್ಯೂ ಹ್ಯಾಂಪ್‌ಶೈರ್‌ನ ಪಕ್ಷದೊಳಗಿನ ಚುನಾವಣೆಯಲ್ಲಿ ಯುದ್ಧವಿರೋಧಿ ಯೂಜಿನ್ ಮೆಕಾರ್ಥಿ, ಹಾಲಿ ಅಧ್ಯಕ್ಷರ ಎದುರು ಶೇ. 42 ಮತ ಗಳಿಸಿದರು. ಮಾರ್ಚ್ 16ರಂದು, ಹತ್ಯೆಯಾದ ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿಯೂ ಕಣಕ್ಕಿಳಿದರು.

ಅದೇ ಮಾರ್ಚ್ 16ರ ಬೆಳಿಗ್ಗೆ ಮೈ ಲಾಯ್ ಎಂಬ ಹಳ್ಳಿಯಲ್ಲಿ ಅಮೆರಿಕದ ಒಂದು ತುಕಡಿ, ವಿಯೆಟ್ನಾಮಿನ ಲೆಕ್ಕದ ಪ್ರಕಾರ, 504 ಜನರನ್ನು ಕೊಂದಿತು. ಮುದುಕರು, ಹೆಂಗಸರು, ಹಸುಗೂಸುಗಳು. ಹ್ಯೂ ಥಾಂಪ್ಸನ್ ಎಂಬ ಯುವ ಪೈಲಟ್ ತನ್ನ ಹೆಲಿಕಾಪ್ಟರನ್ನು ಸೈನಿಕರಿಗೂ ಹಳ್ಳಿಗರಿಗೂ ನಡುವೆ ಇಳಿಸಿ, ತಮ್ಮವರೇ ಗುಂಡು ಹಾರಿಸಿದರೆ ತಿರುಗಿ ಹಾರಿಸಿ ಎಂದು ಜೊತೆಗಾರರಿಗೆ ಹೇಳಿ ಕೆಲವರನ್ನು ಉಳಿಸಿದ. ಸೇನೆಯ ಕಡತದಲ್ಲಿ ಅದು 128 ಶತ್ರುಗಳನ್ನು ಕೊಂದ ವಿಜಯವೆಂದು ದಾಖಲಾಯಿತು. ಸತ್ಯ ಹೊರಬರಲು ಪತ್ರಕರ್ತ ಸೀಮೋರ್ ಹರ್ಶ್ ಬರೆಯುವವರೆಗೆ, 1969ರ ನವೆಂಬರ್‌ವರೆಗೆ, ಕಾಯಬೇಕಾಯಿತು. ಶಿಕ್ಷೆಯಾದದ್ದು ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ ಒಬ್ಬನಿಗೆ. ದೇಶದ ದೊಡ್ಡ ಭಾಗ ಅವನ ಪರವಾಗಿಯೇ ನಿಂತಿತು.

ಮಾರ್ಚ್ 31ರ ರಾತ್ರಿ ಜಾನ್ಸನ್ ಉತ್ತರದ ಹೆಚ್ಚಿನ ಭಾಗದ ಮೇಲೆ ಬಾಂಬ್ ದಾಳಿ ನಿಲ್ಲಿಸುವುದಾಗಿ ಹೇಳಿ, ಕೊನೆಯಲ್ಲಿ ತಾವು ಮತ್ತೆ ಸ್ಪರ್ಧಿಸುವುದಿಲ್ಲವೆಂದರು. ರಕ್ಷಣಾ ಸಚಿವರಾಗಿ ಬಂದು ಸೇನಾ ಮುಖ್ಯಸ್ಥರನ್ನು 'ಇನ್ನೆಷ್ಟು ಜನ, ಇನ್ನೆಷ್ಟು ವರ್ಷ' ಎಂದು ಕೇಳಿ ಉತ್ತರ ಸಿಗದೆ, ಅಧ್ಯಕ್ಷರನ್ನು ಈ ಹಂತಕ್ಕೆ ತಂದವರು ಅದೇ ಕ್ಲಾರ್ಕ್ ಕ್ಲಿಫರ್ಡ್.

ಇಲ್ಲಿಗೆ ಮುಗಿಯಬಹುದಿತ್ತು. ಅಕ್ಟೋಬರ್ 31ರಂದು ಬಾಂಬ್ ದಾಳಿ ಪೂರ್ತಿ ನಿಂತು, ಪ್ಯಾರಿಸ್ಸಿನಲ್ಲಿ ಅಮೆರಿಕ, ದಕ್ಷಿಣ, ಉತ್ತರ, ವಿಮೋಚನಾ ರಂಗ ನಾಲ್ಕೂ ಪಕ್ಷಗಳು ಕೂತು ಮಾತಾಡುವುದೆಂದಾಯಿತು. ಚುನಾವಣೆಗೆ ಐದೇ ದಿನ. ನವೆಂಬರ್ 2ರಂದು ದಕ್ಷಿಣದ ಅಧ್ಯಕ್ಷ ತಿಯು, ತಾವು ಬರುವುದಿಲ್ಲ ಎಂದುಬಿಟ್ಟರು. ಕಾಯಿರಿ, ನಮ್ಮ ಕಾಲದಲ್ಲಿ ನಿಮಗೆ ಇದಕ್ಕಿಂತ ಒಳ್ಳೆಯ ಒಪ್ಪಂದ ಸಿಗುತ್ತದೆ ಎಂಬ ಸಂದೇಶ ಎದುರು ಪಕ್ಷದ ಅಭ್ಯರ್ಥಿ ರಿಚರ್ಡ್ ನಿಕ್ಸನ್ ಕಡೆಯಿಂದ ಆನಾ ಶೆನಾಲ್ಟ್ ಎಂಬ ಪ್ರಭಾವಿ ಮಹಿಳೆಯ ಮೂಲಕ ಸೈಗಾನಿಗೆ ಹೋಗಿತ್ತು. ಮಾತುಕತೆಯ ಯತ್ನಕ್ಕೆ ಅಡ್ಡಗಾಲು ಹಾಕುವಂತೆ ನಿಕ್ಸನ್ ಹೇಳಿದ್ದನ್ನು ಅವರ ಆಪ್ತ ಹಾಲ್ಡ್‌ಮನ್ ಬರೆದಿಟ್ಟುಕೊಂಡ ಟಿಪ್ಪಣಿ ಅರ್ಧ ಶತಮಾನದ ನಂತರ ಬೆಳಕಿಗೆ ಬಂತು. ಜಾನ್ಸನ್‌ಗೆ ಇದು ಆಗಲೇ ಗೊತ್ತಿತ್ತು. ಸೆನೆಟರ್ ಡರ್ಕ್‌ಸನ್ ಜೊತೆ ಫೋನಿನಲ್ಲಿ ದೇಶದ್ರೋಹ ಎಂದು ಕಿಡಿಕಾರಿದರು. ಆದರೆ ಮಿತ್ರರಾಷ್ಟ್ರದ ರಾಯಭಾರ ಕಚೇರಿಯ ಮಾತುಗಳನ್ನು ಕದ್ದು ಕೇಳಿ ತಿಳಿದ ವಿಷಯವದು, ಬಾಯಿಬಿಡುವಂತಿರಲಿಲ್ಲ. ನಿಕ್ಸನ್ ಶೇ. 1ಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದರು. ಆ ಸಂದೇಶ ಹೋಗದಿದ್ದರೂ ತಿಯು ಹಿಂಜರಿಯುತ್ತಿದ್ದರೇನೋ, ಅವರಿಗೆ ತಮ್ಮವೇ ಆದ ಭಯಗಳಿದ್ದವು. ಆದರೆ ಆಮೇಲೆ ಸತ್ತ ಅಮೆರಿಕದ ಸೈನಿಕರೇ 20,000ಕ್ಕೂ ಹೆಚ್ಚು.

ನಿಕ್ಸನ್ ಕಾಲ ಎರಡು ಮುಖದ್ದು. 1969ರ ಏಪ್ರಿಲ್‌ನಲ್ಲಿ 5,43,000 ಇದ್ದ ಸೈನ್ಯವನ್ನು ಕಂತುಕಂತಾಗಿ ಮನೆಗೆ ಕಳಿಸಿದರು. ಜೊತೆಗೇ ಕಾಂಬೋಡಿಯದ ಮೇಲೆ ಕಾಂಗ್ರೆಸ್ಸಿಗೂ ಹೇಳದೆ ಬಾಂಬ್ ಸುರಿಸಿದರು. 1970ರ ಏಪ್ರಿಲ್ 30ರಂದು ಅಲ್ಲಿಗೆ ಸೈನ್ಯವನ್ನೂ ನುಗ್ಗಿಸಿದರು. ಕಾಲೇಜುಗಳು ಹೊತ್ತಿ ಉರಿದವು. ಮೇ 4ರಂದು ಒಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಪಡೆ 13 ಸೆಕೆಂಡುಗಳಲ್ಲಿ 67 ಗುಂಡು ಹಾರಿಸಿತು, ನಾಲ್ವರು ವಿದ್ಯಾರ್ಥಿಗಳು ಸತ್ತರು. ನಾಲ್ಕು ದಿನ ಬಿಟ್ಟು ನ್ಯೂಯಾರ್ಕಿನಲ್ಲಿ, ಸತ್ತವರಿಗಾಗಿ ಮೆರವಣಿಗೆ ಹೊರಟ ಹುಡುಗರನ್ನು ಕಟ್ಟಡ ಕಾರ್ಮಿಕರು ತಲೆಯ ಹೆಲ್ಮೆಟ್ಟಿನಿಂದಲೇ ಹೊಡೆದು ಅಟ್ಟಾಡಿಸಿದರು. ನಗರಸಭೆಯ ಮೇಲೆ ಅರ್ಧಕ್ಕಿಳಿಸಿದ್ದ ಬಾವುಟವನ್ನು ಮತ್ತೆ ಏರಿಸುವಂತೆ ಮಾಡಿದರು. ಕೆಂಟ್ ಸ್ಟೇಟ್ ಸಾವುಗಳಿಗೆ ಯಾರು ಹೊಣೆ ಎಂಬ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 58 ಜನ ವಿದ್ಯಾರ್ಥಿಗಳೇ ಎಂದರು. ಗಾರ್ಡ್ ಪಡೆ ಎಂದವರು ಶೇ. 11. ಆ ಕಾರ್ಮಿಕರನ್ನು ಬರೀ ಪುಂಡರೆಂದು ತಳ್ಳಿಹಾಕುವುದು ಸುಲಭ. ವಿಯೆಟ್ನಾಮಿನ ಕಾಡಿನಲ್ಲಿದ್ದವರು ಅವರ ಬಂಧುಬಳಗದ ಹುಡುಗರು, ಬೀದಿಯಲ್ಲಿ ಘೋಷಣೆ ಕೂಗುತ್ತಿದ್ದವರು ವಿನಾಯಿತಿ ಪಡೆದ ಹುಡುಗರು.

1971ರ ಏಪ್ರಿಲ್‌ನಲ್ಲಿ ಈ ಲೆಕ್ಕವೂ ಕದಡಿತು. ಯುದ್ಧದಿಂದ ಮರಳಿದ ನೂರಾರು ಸೈನಿಕರು, ಕೆಲವರು ಗಾಲಿಕುರ್ಚಿಯಲ್ಲಿ ಬಂದು, ಗೆದ್ದ ಪದಕಗಳನ್ನು ಕಾಂಗ್ರೆಸ್ ಭವನದ ಮುಂದೆ ಎಸೆದರು. ಜೂನ್ 13ರಂದು 'ನ್ಯೂಯಾರ್ಕ್ ಟೈಮ್ಸ್' ಪೆಂಟಗನ್ ದಾಖಲೆಗಳನ್ನು ಅಚ್ಚುಮಾಡತೊಡಗಿತು. ಮೆಕ್‌ನಮಾರ 1967ರಲ್ಲಿ ಗುಟ್ಟಾಗಿ ಬರೆಸಿದ್ದ 47 ಸಂಪುಟ, 7,000 ಪುಟಗಳ ಚರಿತ್ರೆ. ಹೊರತಂದವರು ಎಲ್ಸ್‌ಬರ್ಗ್, ಅದೂ ರಾತ್ರಿಗಟ್ಟಲೆ ಜೆರಾಕ್ಸ್ ಯಂತ್ರದ ಮುಂದೆ ನಿಂತು. ಮೆಕ್‌ನಾಟನ್ ಟಿಪ್ಪಣಿಯ ಶೇಕಡಾ 70-20-10 ಜನರ ಕಣ್ಣಿಗೆ ಬಿದ್ದದ್ದು ಆಗಲೇ. ಪ್ರಕಟಣೆ ತಡೆಯಲು ಹೊರಟ ಸರ್ಕಾರಕ್ಕೆ ಸುಪ್ರೀಂ ಕೋರ್ಟಿನಲ್ಲಿ 6-3ರಿಂದ ಸೋಲಾಯಿತು.

ಉಳಿದದ್ದು ಹೊರಬರುವ ವ್ಯವಹಾರ. 1972ರ ಅಕ್ಟೋಬರ್‌ನಲ್ಲಿ ನಿಕ್ಸನ್ ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಮತ್ತು ಉತ್ತರದ ಲೆ ಡುಕ್ ಥೋ ಒಪ್ಪಂದದ ಕರಡು ಸಿದ್ಧಪಡಿಸಿದರು, ತಿಯು ಒಪ್ಪಲಿಲ್ಲ. ಡಿಸೆಂಬರ್‌ನಲ್ಲಿ ಬಿ-52 ವಿಮಾನಗಳು ಹನೋಯ್, ಹೈಫಾಂಗ್‌ಗಳ ಮೇಲೆ ಎರಗಿದವು. ವಿಯೆಟ್ನಾಮಿನ ಲೆಕ್ಕದಂತೆ ಸತ್ತ ನಾಗರಿಕರು 1,600ಕ್ಕೂ ಹೆಚ್ಚು. 1973ರ ಜನವರಿ 27ರಂದು ಸಹಿ ಬಿದ್ದ ಒಪ್ಪಂದದ ತಿರುಳು ಅಕ್ಟೋಬರ್‌ನದ್ದೇ. ನಮ್ಮ ರಿಯಾಯಿತಿಗಳನ್ನು ಒಪ್ಪಿಕೊಳ್ಳಿ ಎಂದು ಅವರ ಮೇಲೆ ಬಾಂಬ್ ಹಾಕಿದೆವು ಎಂದು ಕಿಸಿಂಜರ್ ಅವರ ಸಹಾಯಕ ನೆಗ್ರೊಪಾಂಟೆ ವ್ಯಂಗ್ಯವಾಡಿದರಂತೆ. ಉತ್ತರದ ಲಕ್ಷಕ್ಕೂ ಹೆಚ್ಚು ಸೈನಿಕರು ದಕ್ಷಿಣದ ನೆಲದಲ್ಲೇ ಉಳಿದರು. ಇದರ ಅರ್ಥವೇನೆಂದು ಸಹಿ ಹಾಕಿದ ಎಲ್ಲರಿಗೂ ತಿಳಿದಿತ್ತು. ಕಿಸಿಂಜರ್ ಜೊತೆ ತಮಗೂ ಬಂದ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಥೋ ನಿರಾಕರಿಸಿದರು, ಶಾಂತಿ ಬಂದಿಲ್ಲವೆಂಬ ಕಾರಣ ಕೊಟ್ಟು.

1975ರ ಮಾರ್ಚ್ 10ರಂದು ದಕ್ಷಿಣದ ಬಾನ್ ಮೆ ಥುವೊಟ್ ಪಟ್ಟಣದ ಮೇಲೆ ಉತ್ತರದ ಸೇನೆಯ ದಾಳಿ, 29ಕ್ಕೆ ಡಾ ನಾಂಗ್ ಪತನ, ಏಪ್ರಿಲ್ 30ಕ್ಕೆ ಸೈಗಾನಿನ ಅಧ್ಯಕ್ಷ ಭವನದ ಗೇಟು ಮುರಿದು ಟ್ಯಾಂಕುಗಳು ಒಳಬಂದವು. ಹನೋಯ್‌ನ ಎರಡು ವರ್ಷದ ಯೋಜನೆ ಐವತ್ತು ಚಿಲ್ಲರೆ ದಿನಗಳಲ್ಲಿ ಮುಗಿದುಹೋಯಿತು.

ಗೆದ್ದವರ ಸಾಲಿನಲ್ಲಿ ಟ್ರುವೊಂಗ್ ನ್ಯೂ ತಾಂಗ್ ಎಂಬ ವಕೀಲರಿದ್ದರು. ವಿಮೋಚನಾ ರಂಗದ ಸ್ಥಾಪಕರಲ್ಲಿ ಒಬ್ಬರು, ಅದರ ತಾತ್ಕಾಲಿಕ ಸರ್ಕಾರದ ನ್ಯಾಯಮಂತ್ರಿ, ಸೈಗಾನ್ ಸರ್ಕಾರದ ಜೈಲಿನಲ್ಲಿ ಚಿತ್ರಹಿಂಸೆ ಉಂಡವರು, ವರ್ಷಗಟ್ಟಲೆ ಕಾಡಿನಲ್ಲಿ ಬಿ-52 ಬಾಂಬುಗಳ ಕೆಳಗೆ ಬದುಕಿದವರು. ಮೇ ತಿಂಗಳ ವಿಜಯದ ಮೆರವಣಿಗೆಯಲ್ಲಿ ಉತ್ತರದ ತುಕಡಿಗಳು ಸಾಲುಸಾಲಾಗಿ ಸಾಗಿದವು, ಕೊನೆಯಲ್ಲಿ ವಿಮೋಚನಾ ರಂಗದ ಕೆಲವೇ ತುಕಡಿಗಳು ಉತ್ತರದ ಬಾವುಟದಡಿ ಬಂದವು. ನಮ್ಮ ಡಿವಿಷನ್ನುಗಳೆಲ್ಲಿ ಎಂದು ಅವರು ಪಕ್ಕದಲ್ಲಿದ್ದ ಜನರಲ್ ವಾನ್ ತಿಯೆನ್ ಜುಂಗ್ ಅವರನ್ನು ಕೇಳಿದರು. ಸೇನೆ ಈಗಾಗಲೇ ಒಂದಾಗಿದೆ ಎಂಬ ಉತ್ತರ ಬಂತು. ಹಳೆಯ ಸರ್ಕಾರದ ಲಕ್ಷಾಂತರ ಜನರನ್ನು 'ಮರುಶಿಕ್ಷಣ' ಶಿಬಿರಗಳಿಗೆ ತಳ್ಳಲಾಯಿತು. ಕೆಲವು ವಾರಗಳೆಂದು ಹೋದವರು ವರ್ಷಗಟ್ಟಲೆ ಬರಲಿಲ್ಲ, ತಾಂಗ್ ಅವರ ಸೋದರರೂ ಅವರಲ್ಲಿದ್ದರು. 1978ರಲ್ಲಿ ಆ ಮಾಜಿ ನ್ಯಾಯಮಂತ್ರಿ ಸಾವಿರಾರು ಸಾಮಾನ್ಯರಂತೆ ಗುಟ್ಟಾಗಿ ದೋಣಿ ಹತ್ತಿ ದೇಶ ಬಿಟ್ಟರು, ಪ್ಯಾರಿಸ್ಸಿನಲ್ಲಿ ನೆಲೆಸಿದರು.